ಕುನೂತ್ ನಿಲ್ಲಿಸಿದ ಬೆಳಗು

ಬೆಳಗಿನ ನಮಾಜಿನಲ್ಲಿ ಬಾಗಿ ಎದ್ದಾಯಿತು, ಬಲಗಡೆ ತಿಯೆ ಅತ್ತಿಗೆಯ ಮಂಡಿ ಚಟಕ್ಕೆಂದಿತು, ಎಷ್ಟು ಒಗೆದು ಒಣಗಿಸಿದರೂ ಜಮಖಾನೆಯಲ್ಲಿ ಇನ್ನೂ ನೆರೆಯ ಕೆಸರಿನ ವಾಸನೆ, ಇನ್ನು ಮಾಡಬೇಕಾದದ್ದು ಇಷ್ಟೇ, ನೆಲಕ್ಕೆ ಹಣೆ ಹಚ್ಚುವುದು, ನಿನ್ನೆಯವರೆಗೆ ಇದೇ ಗಳಿಗೆಯಲ್ಲಿ ಕುನೂತ್ ಓದುತ್ತಿದ್ದೆ, ಆಪತ್ಕಾಲದ ಪ್ರಾರ್ಥನೆ, ಇಪ್ಪತ್ತೊಂಬತ್ತು ಬೆಳಗು ಓದಿದೆ, ಇಂದು ಇಲ್ಲ — ಗಂಡಸರ ಮಸೀದಿಯಲ್ಲಿ ನಮಾಜ್ ನಡೆಸುವ ಶಾ ಅಹೋಂಗ್ ನಿನ್ನೆ ಸಂಜೆ ಬಂದಿದ್ದರು, ಹೆಂಗಸರ ಮಸೀದಿಯೊಳಗೆ ಕಾಲಿಡಲು ಅವರಿಗೆ ಮುಜುಗರ, ಹೊಸ್ತಿಲಾಚೆಯೇ ನಿಂತು ಟೊಪ್ಪಿ ಸರಿಮಾಡಿಕೊಳ್ಳುತ್ತಾ, ನೋಡಮ್ಮಾ, ನೀರು ಇಳೀತು, ಶಿಬಿರಕ್ಕೆ ಹೋದೋರೆಲ್ಲ ಮನೆ ಸೇರಿದ್ರು, ಇನ್ನು ನಿಲ್ಸೋಣ, ನೀವೂ ಒಬ್ರು ಅಹೋಂಗ್, ನಿಮಗೆ ನಾನು ಹೇಳಿಕೊಡ್ಬೇಕಾ. ಬೇಡ. ಮೂವತ್ತು ವರ್ಷ ಈ ಓಣಿಯ ಹೆಂಗಸರಿಗೆ ಹೇಳಿಕೊಟ್ಟವಳೇ ನಾನು, ಪ್ರವಾದಿಯವರು ಒಂದು ತಿಂಗಳು ಓದಿ ನಿಲ್ಲಿಸಿದರು, ಯಾಕೆಂದರೆ ಯಾರಿಗಾಗಿ ಓದುತ್ತಿದ್ದರೋ ಅವರು ಬಂದುಬಿಟ್ಟಿದ್ದರು. ಇಲ್ಲಿಯೂ ಬಂದರಲ್ಲ, ತೋಫು ಮಾರುವವಳು ಬಂದಳು, ಅವಳ ಕುಂಟ ಗಂಡ ಬಂದ, ಅವರ ಬೆಕ್ಕು ಸಹ ಬಂತು, ನನ್ನ ಮಗಳು ರುಯಿಫಾಂಗ್ ಬಂದಿಲ್ಲ.

ಅಮ್ಮಾ, ನೀರು ಇನ್ನೂ ಮೊಣಕಾಲಿಗೂ ಬಂದಿಲ್ಲ, ಅಂಗಡಿ ಬಾಗಿಲು ಹಾಕಿ ಬರ್ತೀನಿ, ಸುಮ್ನೆ ಹೆದರಿಸ್ಬೇಡ — ಫೋನಿನಲ್ಲಿ ನಗುತ್ತಿದ್ದಳು, ಎಲ್ಲದಕ್ಕೂ ನಗು ಅವಳಿಗೆ, ನಿನ್ನ ಅರಬ್ಬಿ ಉಚ್ಚಾರಕ್ಕೂ ನಮ್ಮೂರ ವಿನೆಗರ್ ವಾಸನೆ ಹತ್ತಿದೆಯಮ್ಮಾ, ದೇವರಿಗೆ ಅರ್ಥ ಆದ್ರೆ ಸಾಕು ಅನ್ನುತ್ತಿದ್ದಳು, ನೀರಿಳಿದ ಮೇಲೆ ಅವಳ ಸ್ಕೂಟರ್ ಸಿಕ್ಕಿತು, ಬೀಗ ಹಾಕಿತ್ತು. ಈಗ ಅವಳಿಗಾಗಿ ಕುನೂತ್ ಓದುವಂತಿಲ್ಲ, ಊರಿನ ಆಪತ್ತು ಕಳೆಯಿತು, ಉಳಿದದ್ದು ಒಂದು ಮನೆಯ ದುಃಖ — ಈ ಮಾತು ನನ್ನದೇ, ತಿಯೆ ಅತ್ತಿಗೆಗೆ ಹೇಳಿದ್ದು, ಹನ್ನೊಂದು ವರ್ಷದ ಹಿಂದೆ, ಅವಳ ಮಗ ಕಲ್ಲಿದ್ದಲ ಗಣಿಯೊಳಗೆ ಸಿಕ್ಕಿಕೊಂಡಿದ್ದಾಗ, ವುಝುವಿಗೆ ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ನನ್ನ ತೋಳು ಹಿಡಿದು, ಒಂದೇ ಒಂದು ಬೆಳಗು ಓದಿ ಅಹೋಂಗಮ್ಮ, ಕೈಮುಗಿದು ಕೇಳ್ತೀನಿ ಅಂದಿದ್ದಳು. ಅದು ಊರಿಗೆ ಬಂದ ಆಪತ್ತಿಗೆ ಅತ್ತಿಗೆ, ಒಂದು ಮನೆಯ ದುಃಖಕ್ಕಲ್ಲ, ನಮಾಜ್ ಮುಗಿದ ಮೇಲೆ ಎಷ್ಟು ಬೇಕಾದ್ರೂ ಕೇಳ್ಕೊಳ್ಳಿ ಅಂದೆ. ಆಯ್ತು ಅಂದಳು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸಾಲಿನಲ್ಲಿ ನಿಂತಳು, ನಾಲ್ಕನೆಯ ದಿನ ಹೆಣ ಬಂತು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಶಾಸ್ತ್ರ ಸರಿಯಾಗಿ ನೆನಪಿತ್ತೆಂದು ಆ ದಿನ ಒಳಗೊಳಗೇ ಬೀಗಿದ್ದೆ ಕೂಡ, ಥೂ ನನ್ನ ಜನ್ಮಕ್ಕೆ, ಅವಳು ಒಂದು ದಿನವೂ ಆ ಮಾತೆತ್ತಲಿಲ್ಲ, ಒಂದು ಬೆಳಗಿನ ನಮಾಜೂ ತಪ್ಪಿಸಲಿಲ್ಲ, ಈ ಇಪ್ಪತ್ತೊಂಬತ್ತು ಬೆಳಗು ನನ್ನ ಪ್ರತಿ ಸಾಲಿಗೂ ಆಮೀನ್ ಅಂದಳು.

ಎಷ್ಟು ಹೊತ್ತಾಯಿತು ನಿಂತು, ಹಣೆ ಹಚ್ಚಬೇಕು, ಎಡಗಡೆ ಯಾರೋ ಕೆಮ್ಮಿದರು, ಸಾಲು ಕಾಯುತ್ತಿದೆ, ಮಗಳ ಹೆಸರು ನಾಲಿಗೆಯ ಮೇಲಿದೆ, ಅರಬ್ಬಿ ಬಿಟ್ಟು ನಮ್ಮ ಮಾತಿನಲ್ಲಿ ಕರೆದೆನೋ ನಮಾಜೇ ಮುರಿಯಿತು, ನನ್ನದಷ್ಟೇ ಅಲ್ಲ, ಇವರೆಲ್ಲರದ್ದೂ, ರುಯಿಫಾಂಗ್, ಬಾಗಬೇಕು, ಬೆನ್ನು ಬಾಗುತ್ತಿಲ್ಲ, ಬಾಯಿ ಮುಚ್ಚಿಯೇ ಇದೆ, ಒಂದಕ್ಷರ ಓದಿಲ್ಲ ನಾನು, ಒಂದಕ್ಷರವೂ ಇಲ್ಲ, ಬಲಭುಜಕ್ಕೆ ತಾಗಿ ನಿಂತ ತಿಯೆ ಅತ್ತಿಗೆ ಮೆಲ್ಲಗೆ, ಆಮೀನ್, ಉಸಿರೆಳೆದುಕೊಂಡು ಮತ್ತೆ, ಆಮೀನ್