ಗೋಧಿ ಒಗ್ಗದ ಮೈ

ಉಂಡ ಅರ್ಧ ಗಂಟೆಗೆ ಮಹಾಲಕ್ಷ್ಮಮ್ಮನಿಗೆ ಕೈಕಾಲು ತನ್ನವಲ್ಲ ಅನ್ನಿಸುತ್ತಿತ್ತು. ಹೊಟ್ಟೆ ಉಬ್ಬಿಕೊಳ್ಳುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಪಾತ್ರೆಗಳನ್ನು ಅರ್ಧ ತೊಳೆದು ಗೋಡೆಗೆ ಒರಗಿಬಿಡುತ್ತಿದ್ದಳು.

ತುಮಕೂರಿನ ಶಿರಾ ಗೇಟಿನ ಹತ್ತಿರ ಬಾಡಿಗೆ ಮನೆ. ಗಂಡ ದಯಾನಂದ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಅತ್ತೆ ದೊಡ್ಡಗಂಗಮ್ಮನಿಗೆ ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ಚಪಾತಿ ತಿನ್ನಿ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯವರಿಗೆಲ್ಲ ಎರಡು ಹೊತ್ತೂ ಚಪಾತಿ, ಬೆಳಿಗ್ಗೆ ರವೆ ಉಪ್ಪಿಟ್ಟು. ಬೇರೆ ಬೇರೆ ಅಡಿಗೆ ಮಾಡುವ ತ್ರಾಣ ಸೊಸೆಗಿರಲಿಲ್ಲ.

"ನಾವೂ ಮಕ್ಳು ಹೆತ್ತಿದೀವಿ. ಹಿಂಗೆ ಉಂಡುಂಡು ಮಲಗ್ಲಿಲ್ಲ ಕಣವ್ವ" ಎಂದು ಅತ್ತೆ ಆಗಾಗ ಹೇಳುತ್ತಿದ್ದಳು. ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಬಾಟಲಿಗಳು ಮುಗಿದವು, ಸುಸ್ತು ಹೋಗಲಿಲ್ಲ.

೧೯೯೯ರ ಫೆಬ್ರವರಿಯ ಒಂದು ಮಧ್ಯಾಹ್ನ ಅತ್ತೆ ರೇಷನ್ ಅಂಗಡಿಗೆ ಹೋಗಿದ್ದಳು. ಮಹಾಲಕ್ಷ್ಮಮ್ಮನಿಗೆ ಜೋಂಪು ಹತ್ತಿತ್ತು. ಮೂರು ವರ್ಷದ ಮಗಳು ತನುಶ್ರೀ ಒಬ್ಬಳೇ ಮೇನ್ ರೋಡಿಗೆ ನಡೆದಳು. ಪಂಕ್ಚರ್ ಅಂಗಡಿಯ ಕೆಂಪಯ್ಯ ಓಡಿಹೋಗಿ ಎತ್ತಿಕೊಂಡು ಬಂದ.

"ಎದ್ದೇಳಮ್ಮ! ಇನ್ನೊಂದು ಗಳಿಗೆ ಆಗಿದ್ರೆ ಮಗು ಲಾರಿ ಕೆಳಗಿರೋದು!"

"ಹೌದಾ" ಎಂದಳು. ಮಗುವನ್ನು ಪಕ್ಕಕ್ಕೆ ಮಲಗಿಸಿಕೊಂಡು ಮತ್ತೆ ಕಣ್ಣು ಮುಚ್ಚಿದಳು.

ಸಂಜೆ ವಿಷಯ ತಿಳಿದ ದಯಾನಂದ ಮಗುವನ್ನು ಎತ್ತಿಕೊಂಡ. "ಅಳಾದ್ರೂ ಬರಲ್ವೇನೇ ನಿಂಗೆ?"

ಅವಳು ಅಳಲು ನೋಡಿದಳು. ಬರಲಿಲ್ಲ. "ನಂಗೇನೂ ಅನ್ನಿಸ್ತಿಲ್ಲ ಕಣ್ರೀ."

ಆ ಭಾನುವಾರವೇ ಅವಳನ್ನು ಕುಣಿಗಲ್ ಹತ್ತಿರದ ತವರಿಗೆ ಬಿಟ್ಟುಬಂದ. ಮಗುವನ್ನು ಜೊತೆಗೆ ಕಳಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಅವಳೂ ಕೇಳಲಿಲ್ಲ.

ತಾಯಿ ಪುಟ್ಟತಾಯಮ್ಮನ ಮನೆಯಲ್ಲಿ ಗೋಧಿ ತರುವ ರೂಢಿಯೇ ಇರಲಿಲ್ಲ. ಮುದ್ದೆ, ಉಪ್ಸಾರು, ಒಂದಿಷ್ಟು ಅನ್ನ. ಒಂದು ತಿಂಗಳು ಮಹಾಲಕ್ಷ್ಮಮ್ಮ ಮಲಗಿಯೇ ಇದ್ದಳು. ಆಮೇಲೆ ಒಂದು ದಿನ ಉಂಡು ಎದ್ದವಳು ಬಾವಿಯಿಂದ ನಾಲ್ಕು ಬಿಂದಿಗೆ ನೀರು ಸೇದಿ ತಂದಿಟ್ಟಳು. ತಾಯಿ ಅದನ್ನು ನೋಡಿದಳು.

ಏಪ್ರಿಲ್‌ನಲ್ಲಿ ಪಕ್ಕದ ಮನೆಯಲ್ಲಿ ಮಗುವಿಗೆ ನಾಮಕರಣ. ಪೂರಿ ಸಾಗು ಬಡಿಸಿದರು. ಮಹಾಲಕ್ಷ್ಮಮ್ಮ ನಾಲ್ಕು ಪೂರಿ ತಿಂದಳು. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

"ಏನ್ಲೇ, ಮತ್ತೆ ಅದೇ ಬಂತಾ?" ತಾಯಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಯೋಚಿಸಿದಳು. "ನಮ್ಮನೇಲಿ ನೀನು ಗೋದಿ ಮುಟ್ಟೇ ಇರ್ಲಿಲ್ಲ. ಪೂರಿ ತಿಂದೆ, ಬಿದ್ದೆ. ಅಲ್ಲಿ ದಿನಾ ಏನ್ ತಿಂತಿದ್ದೆ?"

"ಚಪಾತಿ."

ತಾಯಿ ಅವಳನ್ನು ಕುಣಿಗಲ್‌ನ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದಳು. ಅವರು ಪೂರಾ ಕೇಳಿಸಿಕೊಂಡು, ರಕ್ತ ತೆಗೆದು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದರು. ಹದಿನೈದು ದಿನಕ್ಕೆ ರಿಪೋರ್ಟ್ ಬಂತು.

"ಗೋಧಿ ನಿಮ್ಮ ಮೈಗೆ ಆಗಲ್ಲಮ್ಮ. ಕರುಳು ಕೆಡಿಸಿದೆ. ರವೆ, ಮೈದಾ, ಶ್ಯಾವಿಗೆ, ಎಲ್ಲಾ ಬಿಟ್ಬಿಡಿ. ಇನ್ಯಾವತ್ತೂ ಮುಟ್ಬೇಡಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಸೋಮಾರಿ ಅನ್ನಿಸ್ಕೊಂಡ್ಯಲ್ಲೇ ಇಷ್ಟ್ ವರ್ಷ!" ಮಹಾಲಕ್ಷ್ಮಮ್ಮ ರಸ್ತೆ ನೋಡುತ್ತಿದ್ದಳು. ತಮ್ಮೂರಿನ ಬಸ್ಸು ಯಾವುದೆಂದಷ್ಟೇ ಅವಳ ತಲೆಯಲ್ಲಿತ್ತು.

ಜೂನ್‌ನಲ್ಲಿ ದಯಾನಂದ ಬಂದ. ರಿಪೋರ್ಟನ್ನು ಎರಡು ಸಲ ಓದಿದ.

"ಯಾರೂ ಬೇಕೂಂತ ಮಾಡ್ಲಿಲ್ಲ ಕಣೇ."

"ಗೊತ್ತು."

"ಒಂದ್ಸಲಿ ಬೈದ್ಬಿಡು ನನ್ನ."

"ಬೈಯೋಕೆ ಸಿಟ್ಟು ಬರ್ಬೇಕಲ್ಲ" ಎಂದು ಅವಳು ಹೊರಡಲು ಬಟ್ಟೆ ಮಡಿಸತೊಡಗಿದಳು.

ತುಮಕೂರಿನ ಮನೆಯಲ್ಲಿ ದೊಡ್ಡಗಂಗಮ್ಮ ತಾನೇ ಮುದ್ದೆ ತಿರುವಿದ್ದಳು. "ನಂಗೂ ಇದೇ ಇರ್ಲಿ ಬುಡು" ಎಂದು ಸೊಸೆಯ ಮುಖ ನೋಡದೆ ತಟ್ಟೆ ಮುಂದಿಟ್ಟಳು.

ತನುಶ್ರೀ ಅಜ್ಜಿಯ ಸೀರೆ ಹಿಡಿದು ನಿಂತಿದ್ದಳು. "ಯಾರು ಹೇಳು?" ಎಂದು ಅಜ್ಜಿ ಮಹಾಲಕ್ಷ್ಮಮ್ಮನನ್ನು ತೋರಿಸಿ ಕೇಳಿದಳು.

"ಮಲ್ಕೊಳೋ ಅಮ್ಮ."

ಉಂಡಾದ ಮೇಲೆ ಅಜ್ಜಿ ಮಲಗಿದಳು. ಮಹಾಲಕ್ಷ್ಮಮ್ಮ ಪಾತ್ರೆ ತೊಳೆದು, ಒರೆಸಿ, ನಡುಮನೆಯಲ್ಲಿ ಕುಳಿತಳು. ಮಗು ದೂರದಿಂದ ನೋಡುತ್ತಿತ್ತು.

"ನಿದ್ದೆ ಬರ್ಲಿಲ್ವಾ?"

"ಇಲ್ಲ ಮಗಾ. ಬಾ ಇಲ್ಲಿ."

ಮಗು ಒಂದು ಗಳಿಗೆ ನಿಂತಿತು. ಆಮೇಲೆ ಹೋಗಿ ಅಜ್ಜಿಯ ಮಗ್ಗುಲಲ್ಲಿ ಮಲಗಿಕೊಂಡಿತು. ಮಹಾಲಕ್ಷ್ಮಮ್ಮನ ಎದೆಯಲ್ಲಿ ಏನೋ ಸಣ್ಣಗೆ ಚುಚ್ಚಿತು. ಅದು ದುಃಖವೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.