ಗಂಜಿ ಹಚ್ಚಿದ ಬಲೆ

"ಅದು ಗೋಲ್ ಅಲ್ಲಂದ್ರ ನನ್ನ ಎರಡೂ ಕಣ್ಣ ಕಿತ್ತ ನಿನ್ನ ಕೈಯಾಗ ಇಡತೀನಿ, ದೇವಪ್ಪಣ್ಣ," ಎಂದ ಶಿವನಪ್ಪ, ಹೊಡೆಯಬೇಕಿದ್ದ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು.

"ಕಣ್ಣ ನಿನ್ನ ಕಡೇನ ಇಟಗೋ. ಅಂಚಿನ್ಯಾಗ ಎಳಿ ಬಿಟ್ಟೀಯಲ್ಲ, ಅದನ್ನರ ನೋಡಾಕ ಬೇಕಾಕ್ಕಾವು," ಎಂದ ದೇವಪ್ಪ.

ಮೂರನೆಯ ಮಗ್ಗದಲ್ಲಿ ಕೂತಿದ್ದ ಹನಮಂತಪ್ಪ ನಕ್ಕ. ಅವನು ದೇವಪ್ಪನ ಅಕ್ಕನ ಮಗ. ದೇವಪ್ಪನ ಮನೆಯ ಪಡಸಾಲೆಯಲ್ಲಿ ಮೂರು ಮಗ್ಗಗಳಿದ್ದವು. ನೇಯುವವರು ಮಗ್ಗದ ಕೆಳಗೆ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಬೀದಿಯಿಂದ ನೋಡುವವರಿಗೆ ಸೊಂಟದಿಂದ ಮೇಲಿನ ಮೂವರು ಮನುಷ್ಯರಷ್ಟೇ ಕಾಣುತ್ತಿದ್ದರು. ಬೇರೆ ದಿನಗಳಲ್ಲಿ ಮೂರೂ ಲಾಳಿಗಳ ಸದ್ದು ಓಣಿಯ ಕೊನೆಯವರೆಗೆ ಕೇಳುತ್ತಿತ್ತು. ಇವತ್ತು ಮಾತಾಡುವವನ ಮಗ್ಗ ನಿಲ್ಲುತ್ತಿತ್ತು, ಅವನಿಗೆ ಉತ್ತರ ಕೊಡುವವನ ಮಗ್ಗವೂ ನಿಲ್ಲುತ್ತಿತ್ತು. ಬೆಳಗಿನಿಂದ ಯಾರ ಸೀರೆಯೂ ಗೇಣುದ್ದ ಮುಂದೆ ಹೋಗಿರಲಿಲ್ಲ.

ನಿನ್ನೆ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಗಜೇಂದ್ರಗಡದ ಯಾವ ನೇಕಾರನೂ ಮಗ್ಗ ಮುಟ್ಟುವುದಿಲ್ಲ. ಕಾಲಿಗೆ ಕೆಲಸವಿಲ್ಲದ ಆ ಒಂದು ದಿನವನ್ನು ಊರಿನವರು ಫುಟ್‌ಬಾಲಿಗೆ ಕೊಟ್ಟುಬಿಟ್ಟಿದ್ದರು. ಗುಡ್ಡದ ಕೆಳಗಿನ ಬಯಲಿನಲ್ಲಿ ನಿನ್ನೆ ನರೇಗಲ್ಲಿನವರ ಜೊತೆ ಆಟವಿತ್ತು. ಒಂದು ಗೋಲಿನಿಂದ ಸೋತರು. ಸೋತದ್ದು ಹೋಗಲಿ, ಸೋಲುವುದು ಅವರಿಗೆ ಹೊಸದೇನಲ್ಲ. ಆದರೆ ಆಟ ಮುಗಿಯುವುದಕ್ಕೆ ಸ್ವಲ್ಪ ಮೊದಲು ಬಲಗಡೆ ಆಡುತ್ತಿದ್ದ ಕಾಶೀಂಸಾಬ ನೆಲ ಸವರಿದಂತೆ ಒಂದು ಚೆಂಡು ಹೊಡೆದ. ಅದು ಗೋಲು ಕಾವಲಿನವನ ಕಾಲು ತಪ್ಪಿಸಿ ಕಂಬದ ಬದಿಗೆ ಹಾಯ್ದು ಹಿಂದಿನ ಜಾಲಿಗಿಡದ ಕೆಳಗೆ ಹೋಗಿ ನಿಂತಿತು. ಕಾಶೀಂಸಾಬ ಎರಡೂ ಕೈ ಮೇಲೆತ್ತಿದ. ಊರು ಕುಣಿಯಿತು. ರೋಣದಿಂದ ಕರೆಸಿದ್ದ ರೆಫರಿ, ಒಬ್ಬ ಡ್ರಿಲ್ ಮಾಸ್ತರ, ನಡುವಿನಿಂದ ಓಡಿ ಬಂದು ಬಲೆಯ ಕಡೆ ನೋಡಿ, ಸೀಟಿ ಊದಿ, ಚೆಂಡು ಕಂಬದ ಹೊರಗೆ ಹೋಗಿದೆ ಎಂದು ಕೈ ಮಾಡಿದ. ಅಷ್ಟೇ. ಆಮೇಲೆ ಆಟ ನಡೆದದ್ದು ಯಾರಿಗೂ ನೆನಪಿರಲಿಲ್ಲ.

"ಸರಕಾರ ಬದಲಾತು, ಮುಂಬಯಿ ಹೋಗಿ ಮೈಸೂರು ಬಂತು, ಈ ರೆಫ್ರಿ ಮಾತ್ರ ಬದಲಾಗಲಿಲ್ಲ ನೋಡು," ಎಂದ ಶಿವನಪ್ಪ. "ಅಂವ ನರೇಗಲ್ಲದವರ ಬೀಗರ ಮನ್ಯಾಗ ಹೋಳಿಗಿ ಉಂಡ ಬಂದಿದ್ದ. ನಾ ಖರೇ ಹೇಳ್ತೀನಿ. ತುಪ್ಪದ ಜಿಡ್ಡ ಇನ್ನೂ ಕೈಯಾಗಿತ್ತು."

"ಹೋಳಿಗಿ ಉಂಡಾನೋ ಮಣ್ಣ ಉಂಡಾನೋ. ಬಲಿ ಅಲುಗ್ಯಾಡಿತೇನು?"

ಇದು ದೇವಪ್ಪನ ಮಾತು. ಬೆಳಗಿನಿಂದ ಅವನು ಇದೊಂದನ್ನೇ ಹೇಳುತ್ತಿದ್ದ. ಬಲೆ ಅವನದು. ಮೊದಲು ಬರೀ ಎರಡು ಕಂಬ, ಮೇಲೊಂದು ಹಗ್ಗ ಇರುತ್ತಿತ್ತು. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಪ್ರತಿ ಆಟಕ್ಕೂ ಹೊಡೆದಾಟ. ಸೀಮೆಗೆಲ್ಲ ಸೀರೆ ಉಡಿಸುವ ನಾವು ಒಂದು ಬಲೆ ಮಾಡಲಾರೆವೇ ಎಂದು ದೇವಪ್ಪ ಹಟ ಹಿಡಿದ. ಹೊಳೆಮಣ್ಣೂರಿಗೆ ಹೋಗಿ, ಹೊಳೆಯಲ್ಲಿ ಮೀನು ಹಿಡಿಯುವವನ ಮುಂದೆ ಕೂತು ಗಂಟು ಹಾಕುವುದನ್ನು ಕಲಿತು ಬಂದ. ಮಗ್ಗದಲ್ಲಿ ಉಳಿದ ಹಾಸಿನ ಉದ್ದೆಳೆಯ ನೂಲನ್ನು ಹುರಿ ಮಾಡಿ ಎರಡು ಬಲೆ ಕಟ್ಟಿದ. ಈಗ ಒಳಗೆ ಬಂದ ಚೆಂಡು ಬಲೆಗೆ ಬೀಳಬೇಕು, ಬಲೆ ಅಲುಗಬೇಕು. ಅಲುಗದಿದ್ದರೆ ಗೋಲಲ್ಲ. ನಿನ್ನೆ ಬಲೆ ಅಲುಗಿರಲಿಲ್ಲ. ಎಲ್ಲರೂ ನೋಡಿದ್ದರು.

"ಹೊರಗ ಹೊಡದಾನ, ಅಷ್ಟ," ಎಂದ ದೇವಪ್ಪ. "ರೆಫ್ರಿ ತಪ್ಪಲ್ಲ, ನಮ್ಮ ತಪ್ಪು. ಹನಮಂತನ ಮೊಣಕಾಲಿಗೆ ಪೆಟ್ಟ ಆಗಿರಲಿಕ್ಕಂದ್ರ ಈ ಕಾಶೀಂಗ ಯಾರ ಆಡಸ್ತಿದ್ರು? ಮುಂದಿನ ಅಮಾಸಿಗೆ ನರಗುಂದಕ್ಕ ಹೋಗೂದೈತಿ. ಅಲ್ಲಿ ಹನಮಂತನ ಆಡತಾನ."

ಹನಮಂತಪ್ಪ ಲಾಳಿ ಹೊಡೆದ. ಬಲಗಡೆಯ ಜಾಗ ಮೊದಲಿನಿಂದ ಅವನದೇ ಆಗಿತ್ತು. ನರಗುಂದದ ಆಟಕ್ಕೆ ಸುತ್ತಿನ ಹತ್ತೂರಿನ ಮಂದಿ ಸೇರುತ್ತಾರೆ. ಅಲ್ಲಿ ಚಲೋ ಆಡಿದವನ ಹೆಸರು ಗದಗದವರೆಗೂ ಹೋಗುತ್ತದೆ. ತಂಡದಲ್ಲಿ ಯಾರು ಇರಬೇಕು, ಯಾರು ಬೇಡ ಎನ್ನುವುದು ದೇವಪ್ಪನ ಕೈಯಲ್ಲಿತ್ತು. ಅವನು ದೊಡ್ಡ ಆಟಗಾರನೆಂದಲ್ಲ. ಚೆಂಡು ಅವನ ಮನೆಯ ಗೂಟಕ್ಕೆ ತೂಗುತ್ತಿತ್ತು, ತೂತು ಬಿದ್ದರೆ ತೇಪೆ ಹಚ್ಚುವವನು ಅವನು, ಹೀಗಾಗಿ ಮಾತೂ ಅವನದೇ ನಡೆಯುತ್ತಿತ್ತು.

ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಕಾಶೀಂಸಾಬನೇ ಬಂದ. ಹೆಗಲ ಮೇಲೆ ಅರಳೆ ಹಿಂಜುವ ಬಿಲ್ಲು. ಗಾದಿ ಹೊಲಿಯುವ ಪಿಂಜಾರರ ಮನೆಯವನು, ಮದುವೆಯಾಗಿ ಇನ್ನೂ ವರ್ಷ ತುಂಬದವನು. ಹೊಸ್ತಿಲ ಹೊರಗೇ ನಿಂತ.

"ಬಾರಪಾ, ಒಳಗ ಬಾ," ಎಂದ ದೇವಪ್ಪ.

"ಇಲ್ರಿ ಕಾಕಾ, ಲಕ್ಕಲಕಟ್ಟಿಗೆ ಹೋಗಬೇಕ್ರಿ, ಗಾದಿ ಕೆಲಸ ಐತಿ. ಒಂದ ಮಾತ ಕೇಳಿ ಹೋಗೂನು ಅಂತ ಬಂದ್ನಿ." ಅವನು ಬಿಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ. "ನೀವು ಕಂಬದ ಬಾಜೂಕ ನಿಂತಿದ್ರಿ. ನಾ ಕಂಡಂಗ ಚೆಂಡ ಒಳಗ ಹೋತ್ರಿ."

"ಬಲಿ ಅಲುಗ್ಯಾಡಿತೇನಪಾ?"

"ಇಲ್ರಿ."

"ಮತ್ತ?"

ಕಾಶೀಂಸಾಬ ಅಂಗೈಯಿಂದ ಕಣ್ಣು ಉಜ್ಜಿಕೊಂಡ. "ಹಂಗಾರ ನನ್ನ ಕಣ್ಣಿಗೇ ಏನರ ಆಗಿರಬೇಕ್ರಿ," ಎಂದ. "ಒಳಗ ಹೋದಂಗ ಕಂಡಿತ್ತು ನೋಡ್ರಿ, ಇಷ್ಟ ಸಾಫ್ ಕಂಡಿತ್ತು. ಇರಲಿ ಬಿಡ್ರಿ. ಬಲಿ ನಿಮ್ಮದು, ನೀವು ಸುಳ್ಳ ಹೇಳವರಲ್ಲ."

ಅವನು ಹೋದ. ದೇವಪ್ಪನಿಗೆ ವಾದ ಗೆದ್ದ ಖುಷಿಯಾಯಿತು. ಅಷ್ಟು ಸುಲಭವಾಗಿ ಗೆದ್ದದ್ದು ಮಾತ್ರ ಸ್ವಲ್ಪ ರುಚಿಗೆಟ್ಟಂತಾಯಿತು. ಶಿವನಪ್ಪನಾದರೆ ಸಂಜೆಯವರೆಗೆ ಜಗ್ಗಾಡುತ್ತಿದ್ದ.

ಅದೇ ಹೊತ್ತಿಗೆ ಹಿತ್ತಿಲಿನಿಂದ ಹೆಂಡತಿ ರೇಣವ್ವನ ದನಿ ಬಂತು. "ಏ ಹಾಳಾದ್ದ! ರೀ, ಲಗೂನ ಬರ್ರಿ ಇಲ್ಲಿ! ನಿಮ್ಮ ಬಲಿ ತಿನ್ನಾಕ ಹತ್ತೇತಿ!"

ದೇವಪ್ಪ ಕುಣಿಯಿಂದ ಎದ್ದು ಓಡಿದ. ನಿನ್ನೆ ಸಂಜೆ ಸುರುಳಿ ಸುತ್ತಿ ತಂದು ಗೋಡೆಯ ಮೇಲೆ ಹಾಕಿದ್ದ ಬಲೆಯ ಒಂದು ತುದಿ ಮನೆಯ ಆಡಿನ ಬಾಯಲ್ಲಿತ್ತು. ಕಣ್ಣು ಅರೆ ಮುಚ್ಚಿಕೊಂಡು ಹಬ್ಬದ ಊಟ ಮಾಡುವ ಹಾಗೆ ಅದು ಮೆಲ್ಲುತ್ತಿತ್ತು. ರೇಣವ್ವ ಅದರ ಕೊರಳು ಹಿಡಿದು ಜಗ್ಗಿದಳು.

"ಗಂಜಿ ಕುಡಿಸಿ ಒಣಗಿಸೀರಿ. ತಿನ್ನದ ಬಿಡತೈತೇನ್ರಿ ಅದು?"

ದೇವಪ್ಪ ಬಲೆಗೆ ಗಂಜಿ ಹಚ್ಚಿದ್ದು ಖರೆ. ಹಚ್ಚಬೇಕೆಂದು ಯಾರೂ ಹೇಳಿರಲಿಲ್ಲ. ಹೊಳೆಮಣ್ಣೂರಿನ ಮೀನುಗಾರ ಕೇಳಿದ್ದರೆ ನಕ್ಕುಬಿಡುತ್ತಿದ್ದ. ಆದರೆ ದೇವಪ್ಪನ ಕೈಗೆ ಬಂದ ನೂಲು ಜೋಳದ ಗಂಜಿ ಕುಡಿಯದೆ ಹೊರಗೆ ಹೋದದ್ದೇ ಇಲ್ಲ. ಅಪ್ಪ ಹಚ್ಚುತ್ತಿದ್ದ, ಅಜ್ಜ ಹಚ್ಚುತ್ತಿದ್ದ. ಗಂಜಿಯಿಲ್ಲದ ಎಳೆ ಅವನ ಕಣ್ಣಿಗೆ ಎಳೆಯೇ ಅಲ್ಲ.

ಅವನು ಸುರುಳಿ ಬಿಚ್ಚಿ ನೋಡಿದ. ಆಡು ಈಗ ತಿಂದದ್ದು ಮೇಲಿನ ತುದಿಯಲ್ಲಿ ನಾಲ್ಕು ಗಂಟು. ಕೆಳಗಿನ ಮೂಲೆಯಲ್ಲಿ ಇನ್ನೊಂದು ತೂತಿತ್ತು. ದೊಡ್ಡದು. ಅದರ ಸುತ್ತಲಿನ ಎಳೆಗಳು ಜಗಿದು ಕುಂಚದಂತಾಗಿದ್ದವು.

"ಇದೂ ಈಗ ತಿಂತೇನ?"

"ಅದ ನಿನ್ನೀದ ಅಲ್ರೀ? ನಿನ್ನೆ ನೀವು ತಂದ ಹಾಕಿದಾಗನ ಇತ್ತು. ಚೆಂಡ ಹೊರಗ ಬರಾಕ ನೀವ ಬಿಟ್ಟೀರೇನೋ ಅಂತ ತಿಳಕೊಂಡ್ನಿ ನಾ."

ದೇವಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ನಿನ್ನೆ ನಸುಕಿನಲ್ಲೇ ಬಲೆ ಕಟ್ಟಿ, ಊಟಕ್ಕೆ ಮನೆಗೆ ಬಂದಿದ್ದ. ಮತ್ತೆ ಬಯಲಿಗೆ ಹೋದಾಗ ಕಂಬದ ಸುತ್ತ ಯಾರದೋ ಆಡಿನ ಹಿಂಡು ಇತ್ತು. ಕಲ್ಲು ಬೀಸಿ ಓಡಿಸಿದ್ದ. ಬಲೆಯನ್ನು ನೋಡಿರಲಿಲ್ಲ. ಗದ್ದಲದಲ್ಲಿ ಬೇರೆ ಯಾರೂ ನೋಡಿರಲಿಲ್ಲ. ನರೇಗಲ್ಲಿನ ಕಾವಲಿನವನು ನೋಡಿದ್ದರೂ ಬಾಯಿ ಬಿಡಲು ಅವನಿಗೇನು ಹುಚ್ಚು ಹಿಡಿದಿತ್ತೇ? ಚೆಂಡು ಕಂಬದ ಒಳಗೆ ಬಂದಿತ್ತು, ಬಂದು ಈ ತೂತಿನಲ್ಲಿ ಹಾಯ್ದು ಜಾಲಿಗಿಡದ ಕೆಳಗೆ ಹೋಗಿತ್ತು. ರೆಫರಿ ಬಲೆ ನೋಡಿ ತೀರ್ಮಾನ ಕೊಟ್ಟ. ದೇವಪ್ಪನೂ ಬಲೆ ನೋಡಿಯೇ ತೀರ್ಮಾನ ಕೊಟ್ಟ.

ಅವನು ಒಳಗಿನಿಂದ ಹುರಿ ತಂದು ಗಂಟು ಹಾಕತೊಡಗಿದ. ಹೊತ್ತು ಮುಳುಗುವುದರೊಳಗೆ ತೂತು ಮುಚ್ಚಿದರೆ ಆಯಿತು. ಊರಿಗೆಲ್ಲ ನಗೆಪಾಟಲಾಗುವುದು ತಪ್ಪುತ್ತದೆ. ಹನಮಂತ ನರಗುಂದಕ್ಕೆ ಹೋಗುತ್ತಾನೆ, ಅಕ್ಕ ಸಂತೋಷಪಡುತ್ತಾಳೆ. ಕಾಶೀಂ ಹೇಗೂ ಒಪ್ಪಿಕೊಂಡು ಹೋಗಿದ್ದಾನೆ.

ರೇಣವ್ವ ಆಡನ್ನು ಕಟ್ಟಿ ಬಂದು ಅವನ ಕೈಯನ್ನೇ ನೋಡುತ್ತ ನಿಂತಳು.

"ಆ ಕಾಶೀಂ ಬಂದಿದ್ದನಲ್ಲ," ಎಂದಳು. "ಈ ಹಿತ್ತಲ ಗ್ವಾಡಿ ಬಾಜೂಕ ಹಾದ ಹೋಗೂ ಮುಂದ ಒಂದ ಕಣ್ಣ ಮುಚ್ಚಿ ಆ ಗುಡ್ಡ ನೋಡಿದ. ಆಮ್ಯಾಲ ಇನ್ನೊಂದ ಮುಚ್ಚಿ ನೋಡಿದ. ಯಾಕಂತ ನನಗ ತಿಳೀಲಿಲ್ಲ."

ದೇವಪ್ಪನಿಗೆ ತಿಳಿಯಿತು. ಹಾಕಿದ್ದ ಮೊದಲ ಗಂಟನ್ನು ಬಿಚ್ಚಿದ. ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಆಡಿಗೆ ಒಂದು ಬೈದ.

ಸಂಜೆ ನಿಜಲಿಂಗಪ್ಪನ ಚಹಾದ ಅಂಗಡಿಯ ಕಟ್ಟೆಯ ಮೇಲೆ ಊರಿನ ಅರ್ಧ ಮಂದಿ ಸೇರಿದ್ದರು. ನರಗುಂದಕ್ಕೆ ಹೋಗುವ ಹನ್ನೊಂದು ಜನರನ್ನು ಇವತ್ತೇ ಗೊತ್ತು ಮಾಡಬೇಕಿತ್ತು. ಲಕ್ಕಲಕಟ್ಟಿಯಿಂದ ಬಂದ ಕಾಶೀಂಸಾಬ ತಲೆಗೂದಲಿಗೆ ಹತ್ತಿದ ಅರಳೆಯ ಸಮೇತ ಹಿಂದೆ ನಿಂತಿದ್ದ. ದೇವಪ್ಪ ಒಂದು ಕಂಕುಳಲ್ಲಿ ಚೆಂಡು, ಇನ್ನೊಂದರಲ್ಲಿ ಬಲೆ ಹಿಡಿದು ಬಂದು, ಬಲೆಯನ್ನು ಕಟ್ಟೆಯ ಮುಂದೆ ಹಾಸಿ, ಆದದ್ದನ್ನೆಲ್ಲ ಹೇಳಿದ. ಗಂಜಿಯ ಮಾತನ್ನೂ ಬಿಡಲಿಲ್ಲ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನರೇಗಲ್ಲಿನವರ ಕಡೆ ಹನ್ನೆರಡನೆಯವನಾಗಿ ಆಡು ಆಡಿತು ಎಂದು ಯಾರೋ ಕೂಗಿದರು.  ನಗೆ ಇಳಿದ ಮೇಲೆ ಎದ್ದು ನಿಂತವನು ಶಿವನಪ್ಪ. ಗೋಲಾಗಿತ್ತು ಎಂದು ಬೆಳಗಿನಿಂದ ಗಂಟಲು ಹರಿದುಕೊಂಡವನು ಈಗ ಸಂತೋಷಪಡಬೇಕಿತ್ತು. ಆದರೆ ರೆಫರಿಯ ತಪ್ಪಿಲ್ಲ ಎಂಬ ಮಾತನ್ನು ನುಂಗಿಕೊಳ್ಳುವುದು ಅವನ ಕೈಲಾಗಲಿಲ್ಲ.

"ಅಲ್ಲ, ಆ ಕಳ್ಳ ರೆಫ್ರಿನ ಬಿಟ್ಟ ಪಾಪದ ಆಡಿನ ಮ್ಯಾಲ ಹಾಕತೀಯಲ್ಲೋ ದೇವಪ್ಪಣ್ಣ! ಇಷ್ಟ ತೂತಿನ್ಯಾಗ ಅಷ್ಟ ದೊಡ್ಡ ಚೆಂಡ ಹ್ಯಾಂಗ ಹಾಯತೈತಿ? ಹಾದರೂ ಎಳಿಗೆ ಬಡೀಬೇಕು, ಬಲಿ ಅಲುಗ್ಯಾಡಬೇಕು. ಅಲುಗ್ಯಾಡಿತ್ತು, ಅಂವ ಕಣ್ಣ ಮುಚ್ಚಿಕೊಂಡ!"

"ಅಲುಗ್ಯಾಡಿಲ್ಲಲೇ, ಎಲ್ಲಾರೂ ನೋಡೀವಿ," ಎಂದರು ಗೋಲಲ್ಲ ಎನ್ನುವವರು. "ಹಾಯಾಂಗಿಲ್ಲ ಅಂದ್ರ ಅಂವ ಹೊರಗ ಹೊಡದಾನ ಅಂತನ ಆತಲ್ಲ. ಹನಮಂತನ ಆಡ್ಲಿ."

ಮತ್ತೆ ಎರಡು ಪಂಗಡಗಳಾದವು. ಹಾಯುತ್ತದೆ, ಹಾಯುವುದಿಲ್ಲ. ಕಾಶೀಂಸಾಬನನ್ನು ಯಾರೂ ಏನೂ ಕೇಳಲಿಲ್ಲ.

"ಸಾಕ ಮಾಡ್ರಿ," ಎಂದ ದೇವಪ್ಪ. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಬಲಿ ಇಲ್ಲೇ ಐತಿ, ಚೆಂಡ ಇಲ್ಲೇ ಐತಿ. ಹೊಡದಾಂವನೂ ಇಲ್ಲೇ ಅದಾನ. ಎಳಿ ಅಲುಗದಂಗ ಚೆಂಡ ಹಾದರ ಅದು ಗೋಲು, ನರಗುಂದದಾಗ ಬಲಗಡೆ ಕಾಶೀಂ. ಅಲುಗಿತಂದ್ರ ನಾ ಹೇಳಿದ್ದ ಸುಳ್ಳು, ಹನಮಂತ ಆಡ್ಲಿ. ಈ ಕಡೆ ತುದಿ ನಾ ಹಿಡೀತೀನಿ. ಆ ಕಡೆ ಯಾರ ಹಿಡೀತೀರಿ?"

ತೂತು ಆ ಕಡೆಯ ತುದಿಗೇ ಹತ್ತಿರವಿತ್ತು. ಯಾರೂ ಮುಂದೆ ಬರಲಿಲ್ಲ. ಆಮೇಲೆ ಹನಮಂತಪ್ಪ ಕಟ್ಟೆಯಿಂದ ಇಳಿದು ಬಂದ.

"ಕೊಡ್ರಿ ಮಾವ," ಎಂದ.

ಪೆಟ್ಟು ಬಿದ್ದು ವಾಸಿಯಾಗುತ್ತಿದ್ದ ಮೊಣಕಾಲನ್ನು ಮಡಚಲು ಅವನಿಗೆ ಹೊತ್ತು ಹಿಡಿಯಿತು. ಇನ್ನೊಂದು ಮೊಣಕಾಲನ್ನು ನೆಲಕ್ಕೂರಿ ಬಲೆಯ ಮೇಲಿನ ತುದಿಯನ್ನು ಒಂದು ಕೈಯಲ್ಲಿ, ಕೆಳಗಿನ ಮೂಲೆಯನ್ನು ಇನ್ನೊಂದರಲ್ಲಿ ಹಿಡಿದ. ಎಳೆದು ಹಿಡಿದರೆ ತೂತು ತೆರೆದುಕೊಳ್ಳುತ್ತಿತ್ತು. ಕೈ ಒಂದಿಷ್ಟು ಸಡಿಲಿಸಿದರೆ ಸಾಕು, ಎಳೆಗಳು ಕೂಡಿಕೊಂಡು ಚೆಂಡು ಸಿಕ್ಕಿಕೊಳ್ಳುತ್ತಿತ್ತು. ನೂಲಿನ ಜೊತೆ ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂದಿಗೆ ಗೊತ್ತೂ ಆಗುತ್ತಿರಲಿಲ್ಲ. ದೇವಪ್ಪ ಅಳಿಯನ ಕೈಯನ್ನು ನೋಡಿದ. ಮುಖ ನೋಡಲು ಧೈರ್ಯವಾಗಲಿಲ್ಲ.

ಕಾಶೀಂಸಾಬ ಮುಂದೆ ಬಂದು ಚೆಂಡನ್ನು ನೆಲಕ್ಕಿಟ್ಟ. ಕಣ್ಣು ಕಿರಿದು ಮಾಡಿ ತೂತನ್ನು ನೋಡಿದ. ಬರಿಗಾಲಿನ ಒಳಬದಿಯಿಂದ ಮೆಲ್ಲಗೆ ನೂಕಿದ.

ಚೆಂಡು ಧೂಳಿನಲ್ಲಿ ಉರುಳಿ ಬಂತು. ಹನಮಂತಪ್ಪನ ಮುಂಗೈಯ ನರ ಉಬ್ಬಿತು. ಬಲೆ ಇನ್ನಷ್ಟು ಬಿಗಿಯಾಯಿತು. ಚೆಂಡು ತೂತಿನೊಳಗೆ ಹೊಕ್ಕು, ಆಚೆ ಬಂದು, ಅಂಗಡಿಯ ನೀರಿನ ಹಂಡೆಗೆ ತಾಗಿ ನಿಂತಿತು. ಒಂದೆಳೆಯೂ ಅಲುಗಲಿಲ್ಲ.

ಕಟ್ಟೆಯ ಮೇಲೆ ಗದ್ದಲ ಎದ್ದಿತು. ನರಗುಂದದಲ್ಲಿ ರೆಫರಿ ಯಾರಾಗಬೇಕು ಎಂದು ಶಿವನಪ್ಪ ಆಗಲೇ ಶುರು ಮಾಡಿದ್ದ. ಕಾಶೀಂಸಾಬ ಚೆಂಡು ತರಲು ಹಂಡೆಯ ಕಡೆ ನಡೆದ. ದೇವಪ್ಪ ತನ್ನ ಕಡೆಯ ತುದಿಯನ್ನು ಕೆಳಗಿಟ್ಟ. ಹನಮಂತಪ್ಪ ಇನ್ನೂ ಬಿಟ್ಟಿರಲಿಲ್ಲ. ಮೊಣಕಾಲೂರಿಕೊಂಡು, ಮಗ್ಗದ ಹಾಸು ಹಿಡಿದ ಹಾಗೆ, ಕೈ ಬಿಗಿ ಮಾಡಿಕೊಂಡೇ ಕೂತಿದ್ದ.