ಚಾರ್ಜ್ ಕೊಡದೆ ಬಂದವಳು

ನಾನು ಬರೆದ ಸುಳ್ಳುಗಳಲ್ಲೆಲ್ಲ ಚೆಂದದ್ದು ಒಂದು ಅಂತಿಮ ವರದಿಯ ಕೊನೆಯ ಪುಟದಲ್ಲಿದೆ: ‘ಅನುದಾನ ಮುಗಿದ ನಂತರವೂ ಸಮುದಾಯವೇ ಈ ಕಾರ್ಯವನ್ನು ಮುಂದುವರಿಸಲಿದೆ.’ ಬರೆಯುವಾಗ ಅದು ಸುಳ್ಳೆಂದು ಗೊತ್ತಿರಲಿಲ್ಲ, ನಿಜವೆಂದೂ ಗೊತ್ತಿರಲಿಲ್ಲ. ಊಟದ ಕೊನೆಗೆ ಮಜ್ಜಿಗೆ ಇದ್ದ ಹಾಗೆ ಇಂಥ ವರದಿಯ ಕೊನೆಗೆ ಆ ವಾಕ್ಯ ಇರಬೇಕು. ಬಡಿಸಿಬಿಟ್ಟೆ.

ನಮ್ಮ ಸಂಸ್ಥೆಯ ಕಚೇರಿ ಶಿವಮೊಗ್ಗದ ವಿದ್ಯಾನಗರದಲ್ಲಿದೆ. ಭದ್ರಾವತಿಯ ಕಾಗದನಗರದಲ್ಲಿ ಮೂರು ವರ್ಷ ನಾವು ಬಿ.ಪಿ. ತಪಾಸಣೆಯ ಕೇಂದ್ರ ನಡೆಸಿದ್ದೆವು. ಅಲ್ಲಿನ ಕಾಗದ ಕಾರ್ಖಾನೆ ನಿಂತ ಮೇಲೂ ಕ್ವಾರ್ಟರ್ಸಿನಲ್ಲೇ ಉಳಿದುಕೊಂಡ ಹಳೇ ಕಾರ್ಮಿಕರಿಗೆ ವಾರಕ್ಕೊಮ್ಮೆ ಬಿ.ಪಿ. ನೋಡುವುದು, ಮಾತ್ರೆ ತಪ್ಪಿಸದಂತೆ ಬೆನ್ನು ಹತ್ತುವುದು, ಇಷ್ಟೇ ಕೆಲಸ. ಅನುದಾನ ಮುಗಿದಾಗ ಸಣ್ಣ ಸಮಾರಂಭ ಮಾಡಿ, ಸ್ವಯಂಸೇವಕಿ ಚಿನ್ನಮ್ಮನಿಗೆ ಶಾಲು ಹೊದಿಸಿ, ಕೈಮುಗಿದು ಬಂದೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಕೆಲಸ ಇತ್ತು ಎಂದು ಹೇಳಬಹುದು. ಆದರೆ ಅದು ಹೆದರಿಕೆ.

ಹೆದರಿಕೆಗೆ ಒಂದು ಹೆಸರೂ ಇತ್ತು: ಮಂಜಪ್ಪ. ಚಿನ್ನಮ್ಮನ ಗಂಡ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡವರು. ಮೊದಲ ದಿನ ಅವರ ಬಿ.ಪಿ. ನೂರ ತೊಂಬತ್ತು ದಾಟಿತ್ತು. ಕೊಟ್ಟ ಮಾತ್ರೆಗಳನ್ನು ದಾಸವಾಳದ ಗಿಡದ ಬುಡಕ್ಕೆ ಎಸೆಯುತ್ತಿದ್ದರು. ಅವರನ್ನು ದಾರಿಗೆ ತರಲು ನನಗೆ ಒಂದು ವರ್ಷ ಹಿಡಿಯಿತು. ‘ನಿಮ್ಮನ್ನ ನಾನು ಬಿಡಲ್ಲ’ ಎಂದು ಬೇರೆ ಹೇಳಿದ್ದೆ.

ಈಗ ಅನುದಾನ ಕೊಟ್ಟವರು ನಿಶಾಂತ್ ಎಂಬ ಮೌಲ್ಯಮಾಪಕನನ್ನು ಕಳಿಸಿದ್ದರು. ಎರಡು ವರ್ಷದ ಮೇಲೆ ಏನು ಉಳಿದಿದೆ ಎಂದು ನೋಡುವುದು ಅವನ ಕೆಲಸ. ಭದ್ರಾವತಿಯವರೆಗೂ ಕಾರಿನಲ್ಲಿ ನನ್ನ ಪಕ್ಕ ಕೂತು ಪ್ರಶ್ನಾವಳಿಯ ಹಾಳೆ ತಿರುವುತ್ತಿದ್ದ. ನಾನು ಮಂಜಪ್ಪನವರು ಬದುಕಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಕೇಂದ್ರಕ್ಕೆ ಬೀಗ. ನಮ್ಮ ಬೋರ್ಡು ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ಕಿಟಕಿಯ ಗಾಜಿನ ಧೂಳಿನ ಮೇಲೆ ಯಾರೋ ಬೆರಳಲ್ಲಿ ಹೂವು ಬರೆದಿದ್ದರು. ನಿಶಾಂತ್ ಎರಡು ಫೋಟೋ ತೆಗೆದ. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

“ಮೇಡಂ, ಚಿನ್ನಮ್ಮ ಅವ್ರ ಮನೆಗೆ ಹೋಗೋಣ್ವಾ?” ಎಂದ.

ಕಾಲು ಎಳೆದುಕೊಂಡೇ ಹೋದೆ. ತಿರುವು ದಾಟಿದರೆ ಚಿನ್ನಮ್ಮನ ಮನೆ ಮುಂದೆ ಬೆಂಚು. ಬೆಂಚಿನ ಮೇಲೆ ಐದಾರು ಮುದುಕರು ಅಂಗಿಯ ತೋಳು ಮೇಲೇರಿಸಿ ಕೂತಿದ್ದಾರೆ. ಎದುರಿಗೆ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಚಿನ್ನಮ್ಮನ ಬಳಿಯೇ ಉಳಿದಿದ್ದ ನಮ್ಮದೇ ಮೆಷಿನ್ನಿನ ಪಟ್ಟಿ ಒಬ್ಬರ ತೋಳಿಗೆ ಸುತ್ತುತ್ತಿರುವವರು ಮಂಜಪ್ಪ!

ನನಗೆ ಅಳು ಬಂತು. ಮೌಲ್ಯಮಾಪಕನ ಮುಂದೆ ಅಳಬಾರದು ಎಂಬ ಬುದ್ಧಿ ಆಮೇಲೆ ಬಂತು.

“ಸಾಲಲ್ಲಿ ಬನ್ನಿ,” ಎಂದರು ತಲೆಯೆತ್ತದೆ. ಆಮೇಲೆ ನೋಡಿ, “ಓ, ವೇದಾವತಿ ಮೇಡಂ. ಬೀಗದ ಕೈ ತಂದ್ರಾ?”

ಕೇಂದ್ರದ ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿದೆ ಎಂದು ಆಗ ನೆನಪಾಯಿತು. ಎರಡು ವರ್ಷದಿಂದ ಅಲ್ಲೇ ಇದೆ. ಸಮಾರಂಭ ಮುಗಿಸಿ, ಬೀಗ ಹಾಕಿ, ಕೈಚೀಲಕ್ಕೆ ಹಾಕಿಕೊಂಡು ಬಂದವಳು ನಾನೇ.

ನಿಶಾಂತ್ ರಿಜಿಸ್ಟರ್ ಕೇಳಿದ. ಮಂಜಪ್ಪ ಉದ್ದನೆಯ ಪುಸ್ತಕ ಕೊಟ್ಟರು. ನಮ್ಮ ನಮೂನೆ ಅಲ್ಲ, ಬಾಯ್ಲರ್ ಮನೆಯ ಲಾಗ್ ಪುಸ್ತಕದ ಹಾಗೆ ಅವರೇ ಗೆರೆ ಹಾಕಿದ್ದು. ಸಮಯ, ಒತ್ತಡ, ಷರಾ. ಒಂದು ವಾರವೂ ತಪ್ಪಿಲ್ಲ. ಷರಾದಲ್ಲಿ, ‘ಮಾತ್ರೆ ತಪ್ಪಿದೆ, ಎಚ್ಚರಿಸಿದೆ.’ ‘ಉಪ್ಪಿನಕಾಯಿ ತಿಂದು ಸುಳ್ಳು ಹೇಳುತ್ತಾರೆ.’ ಎರಡು ಹೆಸರಿನ ಮುಂದೆ ‘ತೀರಿಕೊಂಡರು’ ಎಂದು ದಿನಾಂಕ. ಮಂಜಪ್ಪನವರ ಹೆಸರಿನ ಮುಂದೆ ನೂರ ಮೂವತ್ತರ ಆಸುಪಾಸು, ಪುಟದಿಂದ ಪುಟಕ್ಕೆ.

“ಮುಂದುವರಿಸಿ ಅಂತ ನಿಮಗೆ ಯಾರು ಹೇಳಿದ್ರು ಸರ್?” ನಿಶಾಂತ್ ಕೇಳಿದ.

“ನಿಲ್ಲಿಸಿ ಅಂತ ಯಾರೂ ಹೇಳ್ಲಿಲ್ವಲ್ಲ. ಬಾಯ್ಲರ್ ಮುಂದೆ ಇರೋನು, ಮುಂದಿನ ಶಿಫ್ಟಿನೋನು ಬಂದು ಸಹಿ ಹಾಕೋವರೆಗೂ ಜಾಗ ಬಿಡೋ ಹಾಗಿಲ್ಲ. ಮೇಡಂ ಭಾಷಣ ಮಾಡಿದ್ರು, ಶಾಲು ಹೊದಿಸಿದ್ರು. ಚಾರ್ಜ್ ಮಾತ್ರ ಯಾರಿಗೂ ಕೊಡ್ಲಿಲ್ಲ. ಅವ್ರ ಶಿಫ್ಟ್ ಇನ್ನೂ ಮುಗಿದಿಲ್ಲ ಅಂತ ನಾವು ನಡೆಸ್ಕೊಂಡು ಬಂದ್ವಿ.”

ಒಳಗಿಂದ ಚಹಾ ತಂದ ಚಿನ್ನಮ್ಮ ಅಂದಳು, “ಮಂಡಿ ನೋವಾಗಿ ನಾನು ಇವ್ರಿಗೆ ಬಿಟ್ಟುಕೊಟ್ಟಾಗ ನನ್ನ ಕೈಲೂ ಸಹಿ ಹಾಕಿಸ್ಕೊಂಡ್ರು ಮೇಡಂ. ಕಟ್ಕೊಂಡ ಹೆಂಡ್ತಿ ಅಂತಾನೂ ನೋಡ್ಲಿಲ್ಲ.”

ಎಲ್ಲರೂ ನಕ್ಕರು. ನಿಶಾಂತ್ ಪ್ರಶ್ನಾವಳಿ ಮಡಚಿ ಜೇಬಿಗಿಟ್ಟ. ಕೇಂದ್ರವನ್ನು ಹೇಗೆ ಬಿಟ್ಟುಬರಬೇಕೆಂದು ನಾನು ಬರೆದ ಹದಿನಾಲ್ಕು ಪುಟದ ‘ನಿರ್ಗಮನ ಯೋಜನೆ’ ಅವನ ಫೈಲಿನಲ್ಲಿತ್ತು. ಅದರಲ್ಲಿ ಎಲ್ಲಿಯೂ ಚಾರ್ಜ್ ಕೊಡುವ ಮಾತು ಇಲ್ಲ.

ಮಂಜಪ್ಪ ಪುಸ್ತಕದ ಮೊದಲ ಪುಟ ತೆರೆದು ನನ್ನ ಮುಂದಿಟ್ಟರು. ‘ಚಾರ್ಜ್ ಕೊಟ್ಟವರು’ ಎಂಬಲ್ಲಿ ಖಾಲಿ.

“ಹೇಗೂ ಬಂದಿದೀರಿ, ಒಂದು ಸಹಿ ಹಾಕಿ.”

ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿದೆ. ನಾನು ಮರೆತದ್ದರಿಂದಲೇ ಅಲ್ಲವೇ ಇವರು ಎರಡು ವರ್ಷ ಜಾಗ ಬಿಡದೆ ಕೂತದ್ದು? ಈಗ ಸಹಿ ಹಾಕಿದರೆ ಎದ್ದುಬಿಟ್ಟರೆ?

“ಮಂಜಪ್ಪನವರೇ, ಡ್ಯೂಟಿ ಮುಗೀತು ಅಂತ ನಿಲ್ಲಿಸ್ಬಿಡ್ತೀರಾ?”

ಅವರು ಪಕ್ಕದ ಕಾಲಂ ಮೇಲೆ ಬೆರಳಿಟ್ಟರು. ‘ಚಾರ್ಜ್ ಪಡೆದವರು.’ ಅಲ್ಲಿ ಏಳು ಸಹಿಗಳು, ಎರಡು ಹೆಬ್ಬೆಟ್ಟು. ಎಲ್ಲವೂ ಆ ಕ್ವಾರ್ಟರ್ಸ್ ಸಾಲಿನ ಮನೆಗಳವರದ್ದೇ. ದಿನಾಂಕ, ನಾನು ಶಾಲು ಹೊದಿಸಿ ಬಂದದ್ದರ ಮಾರನೇ ದಿನದ್ದು.

“ಇಷ್ಟು ದಿನ ನಿಮ್ಮ ಶಿಫ್ಟ್ ನಡೆಸಿದ್ವಿ,” ಎಂದರು. “ಇನ್ನು ನಮ್ಮದು ನಡೆಸ್ತೀವಿ.”

ಸಹಿ ಹಾಕಿದೆ. ಮಂಜಪ್ಪ ಶಾಯಿ ಒಣಗಲೆಂದು ಪುಟದ ಮೇಲೆ ಊದಿದರು. ಆಮೇಲೆ ಗಡಿಯಾರ ನೋಡಿ, ನನ್ನ ಸಹಿಯ ಮುಂದೆ ಸಮಯ ಬರೆದರು.

“ಆಯ್ತು ಮೇಡಂ. ಬೀಗದ ಕೈ ಯಾರ ಹತ್ರಾನಾದ್ರೂ ಕಳಿಸಿ. ನೀವಿನ್ನು ಮನೆಗೆ ಹೋಗಿ, ಸುಧಾರಿಸ್ಕೊಳ್ಳಿ.”